ಬೂದಿದಿಬ್ಬ ಹೇಳುವ ಕಥೆ

ಬೆಳಿಗ್ಗೆ ಕಸ ಗುಡಿಸಿ ತಿಪ್ಪೆಗೆ ಹಾಕಿ ಬಂದರೆ ನಾವು ಅದನ್ನು ಮರೆತೇಬಿಡುತ್ತೇವೆ. ಆದರೆ ಲಿಪಿಯೇ ಇಲ್ಲದ ಕಾಲದ ಜನರ ಬದುಕು ನಮಗೆ ತಿಳಿದಿರುವುದು ಬಹುಪಾಲು ಅವರು ಬಿಸಾಡಿದ ವಸ್ತುಗಳಿಂದಲೇ.

ಬಳ್ಳಾರಿ ಹತ್ತಿರದ ಕುಡತಿನಿಯಲ್ಲೂ ಗಡಿಯ ಈಚೆ, ಮಹಬೂಬನಗರ ಸೀಮೆಯ ಉಟ್ನೂರಿನಲ್ಲೂ ಬೂದಿದಿಬ್ಬಗಳಿವೆ. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರು ಇಂಥ ದಿಬ್ಬಗಳು ಸುಟ್ಟ ಸಗಣಿಯವು ಎಂದರು. 1957ರಲ್ಲಿ ರೇಮಂಡ್ ಆಲ್ಚಿನ್ ಉಟ್ನೂರಿನಲ್ಲಿ ಅಗೆಸಿದಾಗ ದನದ ದೊಡ್ಡಿಯ ಕಂಬ ನೆಟ್ಟ ಗುಳಿಗಳೂ ಗೊರಸಿನ ಗುರುತುಗಳೂ ಸಿಕ್ಕವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದನಗಾಹಿಗಳು ದೊಡ್ಡಿಯಲ್ಲಿ ಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟಿದ್ದರು. ಹೋಳಿ, ಸಂಕ್ರಾಂತಿಯ ಬೆಂಕಿಯಂಥ ಆಚರಣೆ ಇದ್ದಿರಬಹುದೆಂದು ಆಲ್ಚಿನ್ ಊಹಿಸಿದರು.

ದನಗಳಿಗೆ ಕಿಚ್ಚು ಹಾಯಿಸುವ ನಮಗೆ ಇದು ತೀರಾ ದೂರದ ಮಾತಲ್ಲ. ಆದರೆ ಬೂದಿಯನ್ನು ಹೊಲಕ್ಕೆ ಗೊಬ್ಬರವೆಂದು ಹೇರಿ ಎಷ್ಟೋ ದಿಬ್ಬಗಳನ್ನು ಕರಗಿಸಿದ್ದೇವೆ. ಅವರ ಬಗ್ಗೆ ಬೇರೆ ದಾಖಲೆ ಎಲ್ಲಿಂದ ತರೋಣ?

ಮಕ್ಕಳೇ, ನಿಮ್ಮೂರ ಹೊಲದಲ್ಲಿ ಬೂದಿದಿಬ್ಬ ಕಂಡರೆ ಕೆದಕಬೇಡಿ. ಮೊದಲು ಮೇಷ್ಟ್ರಿಗೆ ಬಂದು ಹೇಳಿ.