ಗಂಟುನೋವಿಗೂ ಒಂದು ಇತಿಹಾಸ



2024ರ ಫೆಬ್ರವರಿಯಲ್ಲಿ ವೇಣೂರಿನ ಬಾಹುಬಲಿಸ್ವಾಮಿಗೆ ಮಹಾಮಸ್ತಕಾಭಿಷೇಕ ನಡೆದಾಗ ನಾನೂ ಹೋಗಿದ್ದೆ. ಜನಸಂದಣಿಯ ನಡುವೆ ಊರುಗೋಲು ಹಿಡಿದು ನಿಂತಿದ್ದ ನನ್ನನ್ನು ಕಂಡು ಹಳೆಯ ಶಿಷ್ಯನೊಬ್ಬ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಹೊತ್ತು ತಂದ. "ಎಂತ ಮಾಸ್ಟ್ರೇ, ಗಂಟುನೋವುಂಟಾ? ಕೂತುಕೊಳ್ಳಿ. ಇನ್ನು ಮೇಲೆ ನೀವು ನಡೆಯುವುದೇ ಬೇಡ. ಎಲ್ಲಿಗೆ ಹೋಗುವುದಿದ್ದರೂ ನನಗೊಂದು ಫೋನು ಮಾಡಿ, ಕಾರು ತರುತ್ತೇನೆ" ಎಂದ. ಅವನ ಪ್ರೀತಿಗೆ ಕಣ್ಣು ತೇವವಾಯಿತು. ಐದು ನಿಮಿಷ ಕುಳಿತೆ. ಆದರೆ "ನಡೆಯುವುದೇ ಬೇಡ" ಎಂಬ ಮಾತು ಮಾತ್ರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತು. ಅದಕ್ಕೆ 24 ವರ್ಷ ಮೊದಲು ಅದೇ ಮಾತನ್ನು, ಅಷ್ಟೇ ಪ್ರೀತಿಯಿಂದ, ನಾನು ನನ್ನ ತಾಯಿಗೆ ಹೇಳಿದ್ದೆ.

ತರಗತಿಯಲ್ಲಿ ನಿಮಗೆ ರಾಜರ ಇತಿಹಾಸವನ್ನು ಕಲಿಸಿದವನು ನಾನು. ಇಂದು ಗಂಟುನೋವಿನ ಇತಿಹಾಸವನ್ನು ಬರೆಯಲು ಹೊರಟಿದ್ದೇನೆ. ನಗಬೇಡಿ. ನಿಮ್ಮಲ್ಲಿ ಹಲವರು ಐವತ್ತು ದಾಟಿದ್ದೀರಿ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಲು ಆರಂಭಿಸಿದ್ದೀರಿ ಎಂಬುದು ನನಗೆ ಗೊತ್ತಿದೆ.

ಫಲ್ಗುಣಿ ನದಿಯ ದಡದ ನಮ್ಮ ಗೊಮ್ಮಟನನ್ನು 1604ರಲ್ಲಿ ಅಜಿಲ ವಂಶದ ತಿಮ್ಮಣ್ಣ ಅಜಿಲನು ಪ್ರತಿಷ್ಠಾಪಿಸಿದನೆಂಬುದನ್ನು ನೀವು ಓದಿದ್ದೀರಿ. ಎತ್ತರ 35 ಅಡಿ. ಶ್ರವಣಬೆಳಗೊಳದ ಗೊಮ್ಮಟನನ್ನು ಕಾಣಲು ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. 1432ರಲ್ಲಿ ಪ್ರತಿಷ್ಠೆಗೊಂಡ ಕಾರ್ಕಳದ ಮೂರ್ತಿಗಾಗಿ ಬಂಡೆಗುಡ್ಡವನ್ನು ಏರಬೇಕು. ವೇಣೂರಿನ ಗೊಮ್ಮಟನಾದರೋ ಬಯಲಿನಲ್ಲಿಯೇ ನಿಂತಿದ್ದಾನೆ. ಬೆಟ್ಟ ಹತ್ತಲಾರದ ಮುದುಕರಿಗೂ ಅವನು ದೂರದವನಲ್ಲ. ಹಾಗಿದ್ದೂ ನನ್ನ ತಾಯಿಗೆ ಅವನು ದೂರವಾದನು.

1956ರ ಮಹಾಮಸ್ತಕಾಭಿಷೇಕದಲ್ಲಿ ನಾನು ಆರು ವರ್ಷದವ; ತಂದೆಯ ಹೆಗಲೇರಿದ್ದೆ. ಅಮ್ಮನಿಗೆ ಆಗ 28. ಕೈಗೂಸಾದ ತಂಗಿಯನ್ನು ಸೊಂಟದಲ್ಲಿ ಕೂರಿಸಿಕೊಂಡು, ಗದ್ದೆಯ ಹುಣಿಯ ಮೇಲೆ, ಕಾಲುಸಂಕಗಳನ್ನು ದಾಟಿ, ನಾಲ್ಕು ಮೈಲಿ ನಡೆದು ಬಂದಿದ್ದಳು. ಆ ಬಳಿಕದ ಅಭಿಷೇಕಕ್ಕೆ 44 ವರ್ಷಗಳೇ ಕಾಯಬೇಕಾಯಿತು. ಆ ವರ್ಷಗಳಲ್ಲಿ ಅವಳು ನೇಜಿ ನೆಟ್ಟಳು, ಕುಕ್ಕರಗಾಲಿನಲ್ಲಿ ಕುಳಿತು ಸೆಗಣಿ ಸಾರಿಸಿದಳು, ರಾತ್ರಿ ದೀಪದ ಬೆಳಕಿನಲ್ಲಿ ಅಡಿಕೆ ಸುಲಿದಳು. 2000ದಲ್ಲಿ ಮತ್ತೆ ಅಭಿಷೇಕ ಬಂದಾಗ ಅವಳ ಎರಡು ಮೊಣಗಂಟುಗಳೂ ಬಿಲ್ಲಿನಂತೆ ಹೊರಬಾಗಿದ್ದವು. "ನಾನೂ ಬರುತ್ತೇನೆ ಮಗಾ, ಮೆಲ್ಲಗೆ ನಡೆಯುತ್ತೇನೆ" ಎಂದಳು. ನಾನು, "ಬೇಡಮ್ಮಾ, ನಡೆದಷ್ಟೂ ಗಂಟು ಸವೆಯುತ್ತದೆ. ನೀನು ಸುಮ್ಮನೆ ಕೂತಿರು" ಎಂದೆ. "ಹಾಗಾದರೆ ಮುಂದಿನ ಸಲ ನೋಡಿದರಾಯಿತು" ಎಂದು ಅವಳು ಚಾವಡಿಯ ಕಂಬಕ್ಕೆ ಒರಗಿದಳು. ಮುಂದಿನ ಅಭಿಷೇಕ 2012ರಲ್ಲಿ ನಡೆಯಿತು. ಅಮ್ಮ 2009ರಲ್ಲಿಯೇ ಹೋಗಿಬಿಟ್ಟಳು.

"ನಡೆದಷ್ಟೂ ಸವೆಯುತ್ತದೆ" ಎಂಬ ಮಾತು ನನಗೆ ಎಲ್ಲಿಂದ ಬಂತು? ಇತಿಹಾಸದ ಮೇಷ್ಟರಾದವನು ಮಾತಿನ ಮೂಲವನ್ನು ಹುಡುಕದೆ ಇರಲಾರ. ಹಾಗೆ ಹುಡುಕಿದ್ದೇ ಈ ಬರಹ.

ನಮ್ಮ ಪ್ರಾಚೀನರು ಈ ನೋವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯವು ವಾತವ್ಯಾಧಿಗಳಿಗೆ ಮೀಸಲು. ವಾತವು ಸಂಧಿಯನ್ನು ಸೇರಿದಾಗ ಬಾವು ಗಾಳಿ ತುಂಬಿದ ತೊಗಲಿನ ಚೀಲದಂತೆ ಕೈಗೆ ಹತ್ತುತ್ತದೆ, ಮಡಿಸುವಾಗಲೂ ಚಾಚುವಾಗಲೂ ನೋಯುತ್ತದೆ ಎಂದು ಅಲ್ಲಿ ವರ್ಣನೆಯಿದೆ. ಸುಶ್ರುತನು ಎಣ್ಣೆ, ಬಿಸಿಲೇಪ, ಕಟ್ಟು, ಮರ್ದನ, ಕೊನೆಗೆ ಬರೆ ಹಾಕುವುದನ್ನೂ ಹೇಳಿದ್ದಾನೆ. ಕನ್ನಡದಲ್ಲಿಯೂ ವೈದ್ಯಗ್ರಂಥಗಳಿಗೆ ಕೊರತೆಯಿರಲಿಲ್ಲ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಮದ್ಯ, ಮಾಂಸ, ಜೇನುಗಳಿಲ್ಲದೆ ಔಷಧ ಹೇಳುವುದು ಆ ಜೈನ ವೈದ್ಯಪರಂಪರೆಯ ವಿಶೇಷ. ನಮ್ಮ ಮನೆಗಳಲ್ಲಿ ಆಟಿಯ ಮಳೆಗೆ ಗಂಟು ಬಿಗಿದಾಗ ಲಕ್ಕಿಸೊಪ್ಪನ್ನು ಹಂಡೆಯ ನೀರಿಗೆ ಹಾಕಿ ಕುದಿಸುತ್ತಿದ್ದುದೂ ಇದೇ ಪರಂಪರೆಗೆ ಸೇರಿದ್ದು.

ಎಣ್ಣೆ ತಿಕ್ಕಿದರೆ ಸವೆದ ಮೃದ್ವಸ್ಥಿ ಮರಳಿ ಬೆಳೆಯುವುದಿಲ್ಲ. ಇದನ್ನು ಸ್ಪಷ್ಟವಾಗಿಯೇ ಹೇಳಬೇಕು. ಆದರೆ ಬಿಸಿಯಿಂದ ಬಿಗಿತ ಸಡಿಲವಾಗುವುದೂ ನೋವು ಸ್ವಲ್ಪ ಹೊತ್ತು ತಗ್ಗುವುದೂ ಸತ್ಯ. ಎಣ್ಣೆ ತಿಕ್ಕುವಾಗ ಕಾಲನ್ನು ಹತ್ತಾರು ಸಲ ಮಡಿಸಿ ಬಿಡಿಸಬೇಕಾಗುತ್ತದೆ. ಅಜ್ಜಿಯಂದಿರು ತಿಳಿದೋ ತಿಳಿಯದೆಯೋ ಗಂಟಿಗೆ ವ್ಯಾಯಾಮವನ್ನೂ ಕೊಡುತ್ತಿದ್ದರು.

ಹಾಗಾದರೆ "ಅಲುಗಾಡಬೇಡ" ಎಂಬ ಉಪದೇಶ ಯಾರದು? 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ಹಿಲ್ಟನ್ ಎಂಬ ಶಸ್ತ್ರವೈದ್ಯನು ವಿಶ್ರಾಂತಿ ಮತ್ತು ನೋವಿನ ಕುರಿತು ಪ್ರಸಿದ್ಧ ಉಪನ್ಯಾಸಗಳನ್ನು ನೀಡಿದನು. ಅವು 1863ರಲ್ಲಿ ಗ್ರಂಥವಾದವು. ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್‌ನು ರೋಗಗ್ರಸ್ತ ಕೀಲಿಗೆ ದೀರ್ಘವೂ ಅಖಂಡವೂ ಆದ ವಿಶ್ರಾಂತಿ ಬೇಕೆಂದು ಬೋಧಿಸಿದನು. ಕ್ಷಯದಿಂದ ಕೀಲು ಕೊಳೆಯುತ್ತಿದ್ದ, ಅದಕ್ಕೆ ಮದ್ದೇ ಇಲ್ಲದಿದ್ದ ಆ ಕಾಲದಲ್ಲಿ ಅದು ವಿವೇಕದ ಮಾತೇ ಆಗಿತ್ತು. ನಮ್ಮ ಜಿಲ್ಲೆಯಲ್ಲಿ ಮಂಗಳೂರಿನ ವೆನ್ಲಾಕ್ ಆಸ್ಪತ್ರೆ 1848ರಲ್ಲಿ, ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರ ಔಷಧಾಲಯ 1880ರಲ್ಲಿ ಆರಂಭವಾದವು. 1953ರಲ್ಲಿ ಮಣಿಪಾಲದ ವೈದ್ಯಕೀಯ ಕಾಲೇಜು ಬಂತು. ಹೊಸ ವೈದ್ಯದ ಬೆಳಕಿನ ಜೊತೆಯಲ್ಲಿಯೇ ಒಂದು ಕೀಲುರೋಗದ ಪಥ್ಯ ಎಲ್ಲ ಕೀಲುನೋವಿಗೂ ಅನ್ವಯವಾಗಿ ಜನರ ಬಾಯಲ್ಲಿ ನಿಂತಿತೆಂದು ನನಗೆ ತೋರುತ್ತದೆ.

ರೋಗದ ಹೆಸರನ್ನು ಸರಿಯಾಗಿ ಗುರುತಿಸುವುದು ಎಷ್ಟು ಮುಖ್ಯವೆಂಬುದಕ್ಕೆ ಕರ್ನಾಟಕದ್ದೇ ಒಂದು ನಿದರ್ಶನವಿದೆ. ಸಾಗರ ತಾಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ನಡುವಿನಲ್ಲಿ ಬಡ ಕೂಲಿಕಾರ ಕುಟುಂಬಗಳ ಅನೇಕರು ಸೊಂಟ, ಮೊಣಗಂಟುಗಳ ನೋವಿನಿಂದ ನಡೆಯಲಾರದೆ ಹೋದರು. ಅವರಲ್ಲಿ ಎಳೆಯರೂ ಇದ್ದರು. ಗದ್ದೆಗೆ ಹೊಡೆದ ಕೀಟನಾಶಕವು ಅವರು ತಿನ್ನುವ ಏಡಿಗಳ ಮೂಲಕ ದೇಹ ಸೇರಿತೆಂಬುದು ಮೊದಲ ಊಹೆ. ಆಮೇಲೆ ಅದು ವಂಶವಾಹಿಯಾಗಿ ಬರುವ ಎಲುಬಿನ ಬೆಳವಣಿಗೆಯ ದೋಷವೆಂದು ತಜ್ಞರು ಕಂಡುಕೊಂಡರು. ಹಂದಿಗೋಡು ಕಾಯಿಲೆಯೂ ನನ್ನ ಅಮ್ಮನ ವೃದ್ಧಾಪ್ಯದ ಸಂಧಿವಾತವೂ ಒಂದಲ್ಲ. ಬೆಳಗ್ಗೆ ಎದ್ದಾಗ ಕೈಬೆರಳುಗಳ ಗಂಟುಗಳು ಗಂಟೆಗಟ್ಟಲೆ ಬಿಗಿದು ಬಾತಿರುವ ಆಮವಾತವೂ ಬೇರೆಯೇ. ಆದ್ದರಿಂದ ಗಂಟು ಕೆಂಪಗಾಗಿ ಬಿಸಿಯಾಗಿ ಬಾತರೆ, ಜ್ವರ ಬಂದರೆ, ಎಳೆಯ ವಯಸ್ಸಿನಲ್ಲಿಯೇ ನೋವು ಹಿಡಿದರೆ, ನನ್ನ ಈ ಬರಹವನ್ನು ಬದಿಗಿಟ್ಟು ವೈದ್ಯರಲ್ಲಿಗೆ ಹೋಗಿ.

ಇನ್ನು ಮಾತ್ರೆಗಳ ವಿಚಾರ. 1899ರಲ್ಲಿ ಆಸ್ಪಿರಿನ್ ಮಾರುಕಟ್ಟೆಗೆ ಬಂದಂದಿನಿಂದ ನೋವಿನ ಗುಳಿಗೆಗಳ ಮೆರವಣಿಗೆಯೇ ನಡೆದಿದೆ. ಅಮ್ಮನಿಗೆ ನಾನು ಅಂಗಡಿಯಿಂದ ಚೀಟಿಯಿಲ್ಲದೆ ತರುತ್ತಿದ್ದ ಗುಳಿಗೆ ದಿನಕ್ಕೆ ಒಂದಿದ್ದುದು ಎರಡಾಯಿತು, ಎರಡಿದ್ದುದು ಮೂರಾಯಿತು. ಒಂದು ರಾತ್ರಿ ಅವಳು ಕಪ್ಪಗೆ ವಾಂತಿ ಮಾಡಿಕೊಂಡಳು. ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರಿತ್ತು. ತಂದುಕೊಟ್ಟ ಕೈ ನನ್ನದೇ. 2004ರಲ್ಲಿ ರೋಫೆಕಾಕ್ಸಿಬ್ ಎಂಬ ಪ್ರಸಿದ್ಧ ಗುಳಿಗೆ ಹೃದಯಾಘಾತದ ಸಂಭವವನ್ನು ಹೆಚ್ಚಿಸುತ್ತದೆಂದು ತಿಳಿದು ಜಗತ್ತಿನಾದ್ಯಂತ ಹಿಂದೆಗೆಯಲ್ಪಟ್ಟಿತು. ನಮ್ಮಲ್ಲಿ ಮನೆಮಾತಾಗಿರುವ ಡೈಕ್ಲೋಫೆನಾಕ್ ಕೊಟ್ಟ ದನಗಳ ಹೆಣವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಆ ಕಾರಣಕ್ಕೆ 2006ರಲ್ಲಿ ಭಾರತ ಸರಕಾರ ಜಾನುವಾರುಗಳಿಗಾಗಿ ಅದನ್ನು ತಯಾರಿಸುವುದನ್ನು ನಿಷೇಧಿಸಿತು. ಮನುಷ್ಯನ ದೇಹ ಹದ್ದಿನ ದೇಹದಂತಲ್ಲ, ನಿಜ. ಆದರೆ ರಕ್ತದೊತ್ತಡ, ಸಕ್ಕರೆಕಾಯಿಲೆ, ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು ಇರುವ ವೃದ್ಧರು ಇಂಥ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು.

ನಾನು ಅಮ್ಮನಿಗೆ "ಕೂತಿರು" ಎನ್ನುವುದಕ್ಕೆ ಮೂರು ವರ್ಷ ಮೊದಲೇ, 1997ರಲ್ಲಿ, ಅಮೆರಿಕದ ಒಂದು ಅಧ್ಯಯನ ಪ್ರಕಟವಾಗಿತ್ತು. ಅರವತ್ತು ದಾಟಿದ, ಮೊಣಗಂಟಿನ ಸಂಧಿವಾತವಿದ್ದ 439 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ನಡಿಗೆಯನ್ನು, ಒಂದಕ್ಕೆ ಸ್ನಾಯು ಬಲಪಡಿಸುವ ವ್ಯಾಯಾಮವನ್ನು, ಇನ್ನೊಂದಕ್ಕೆ ಬರಿಯ ತಿಳಿವಳಿಕೆಯನ್ನು ಕೊಟ್ಟು 18 ತಿಂಗಳು ನೋಡಿದರು. ನಡೆದವರಿಗೂ ವ್ಯಾಯಾಮ ಮಾಡಿದವರಿಗೂ ನೋವು ಕಡಿಮೆಯಾಯಿತು, ಓಡಾಟ ಸುಧಾರಿಸಿತು. ಕಾರಣವೂ ಸರಳ. ಕೀಲಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಗಂಟು ಮಡಿಸಿ ಬಿಡಿಸಿದಾಗ ಒಳಗಿನ ದ್ರವ ಸ್ಪಂಜಿಗೆ ನೀರು ಹೊಕ್ಕಂತೆ ಅದನ್ನು ಹೊಕ್ಕು ಹೊರಟು ಪೋಷಿಸುತ್ತದೆ. ಕುಳಿತವನ ತೊಡೆಯ ಸ್ನಾಯು ಬತ್ತುತ್ತದೆ. ಆಸರೆ ತಪ್ಪಿದ ಗಂಟು ಇನ್ನಷ್ಟು ನೋಯುತ್ತದೆ. ಅಮ್ಮನ ಕೊನೆಯ ವರ್ಷಗಳಲ್ಲಿ ನಡೆದದ್ದು ಇದೇ. ಮೊದಲು ಅಂಗಳ ತಪ್ಪಿತು, ಆಮೇಲೆ ಚಾವಡಿ, ಕೊನೆಗೆ ಬಚ್ಚಲು. ಅವಳನ್ನು ಗಂಟುನೋವು ಅರ್ಧ ಕೂರಿಸಿತು. ಇನ್ನರ್ಧ ಕೂರಿಸಿದವನು ನಾನು.

ಶಸ್ತ್ರಚಿಕಿತ್ಸೆಯ ಕಥೆಯಲ್ಲೂ ಪಾಠವಿದೆ. ಸವೆದ ಗಂಟಿನೊಳಗೆ ದುರ್ಬೀನು ಹಾಕಿ ತೊಳೆಯುವ ಪದ್ಧತಿ ಬಹಳ ಜನಪ್ರಿಯವಾಗಿತ್ತು. 2002ರಲ್ಲಿ ಟೆಕ್ಸಾಸಿನ ವೈದ್ಯರು 180 ರೋಗಿಗಳಲ್ಲಿ ಕೆಲವರಿಗೆ ಬರಿಯ ಚರ್ಮ ಕೊಯ್ದು ಹೊಲಿದು ನೋಡಿದಾಗ, ನಿಜವಾದ ಚಿಕಿತ್ಸೆ ಪಡೆದವರಿಗಿಂತ ಅವರ ಸ್ಥಿತಿ ಕೆಟ್ಟದಾಗಿರಲಿಲ್ಲ! ಆದರೆ ಗಂಟು ಬದಲಿಸುವ ಶಸ್ತ್ರಚಿಕಿತ್ಸೆಯ ಮಾತು ಬೇರೆ. ವ್ಯಾಯಾಮ, ಔಷಧಗಳಿಗೆ ಬಗ್ಗದೆ ರಾತ್ರಿಯ ನಿದ್ದೆಯನ್ನೂ ಕೆಡಿಸುವ ನೋವಿಗೆ ಅದು ವರದಾನವೇ ಸರಿ. 2017ರ ಆಗಸ್ಟಿನಲ್ಲಿ ರಾಷ್ಟ್ರೀಯ ಔಷಧ ದರ ಪ್ರಾಧಿಕಾರವು ಸಾಮಾನ್ಯವಾಗಿ ಬಳಸುವ ಕೃತಕ ಮೊಣಗಂಟಿಗೆ ತೆರಿಗೆ ಬಿಟ್ಟು 54,720 ರೂಪಾಯಿಗಳ ಗರಿಷ್ಠ ಬೆಲೆಯನ್ನು ನಿಗದಿಪಡಿಸಿದ್ದು ಅನೇಕ ಕುಟುಂಬಗಳಿಗೆ ಬಾಗಿಲು ತೆರೆಯಿತು.

ಈಗ ನನ್ನ ದಿನಚರಿ. ಅರುವತ್ತೆರಡರಲ್ಲಿ ನನ್ನ ಬಲ ಮೊಣಗಂಟು ಕಟಕಟ ಎನ್ನತೊಡಗಿತು. ಮೂವತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತ ಕಾಲು! ಈ ಸಲ ಅಮ್ಮನಿಗೆ ಹೇಳಿದ್ದನ್ನು ನನಗೆ ನಾನೇ ಹೇಳಿಕೊಳ್ಳಲಿಲ್ಲ. ಬೆಳಗ್ಗೆ ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರಕ್ಕೆ ಚಾಚಿ, ತೊಡೆ ಬಿಗಿಮಾಡಿ, ಹತ್ತು ಎಣಿಸುವವರೆಗೆ ಹಿಡಿದು ಇಳಿಸುತ್ತೇನೆ. ಹೀಗೆ ಹತ್ತು ಸಲ. ಆಮೇಲೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು. ಸಂಜೆ ಅರ್ಧ ಗಂಟೆ ಸಮತಟ್ಟು ದಾರಿಯಲ್ಲಿ ನಡಿಗೆ. ಅಲ್ಪಸ್ವಲ್ಪ ನೋವಾದರೂ ನಿಲ್ಲಿಸುವುದಿಲ್ಲ. ಮರುದಿನವೂ ನೋವು ಏರಿಯೇ ಇದ್ದರೆ ಸ್ವಲ್ಪ ತಗ್ಗಿಸುತ್ತೇನೆ. ಬಲಗಾಲು ನೋಯುವವನು ಕೋಲನ್ನು ಎಡಗೈಯಲ್ಲಿ ಹಿಡಿಯಬೇಕು. ಹಲವರು ತಪ್ಪುವುದು ಇಲ್ಲಿಯೇ. ಮೆಟ್ಟಿಲು ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ನೆಲದ ಊಟ ಬಿಟ್ಟು ಮೇಜಿಗೆ ಬಂದಿದ್ದೇನೆ. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿದ್ದೇನೆ.

ತೂಕವನ್ನೂ ಆರು ಕಿಲೋ ಇಳಿಸಿದೆ. ತೂಕ ಒಂದು ಕಿಲೋ ತಗ್ಗಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಗಂಟಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆಂದು 2005ರ ಅಧ್ಯಯನವೊಂದು ತೋರಿಸಿದೆ. ನೋವು ಜಾಸ್ತಿಯಾದ ದಿನ, ವೈದ್ಯರು ಹೇಳಿದಂತೆ, ಮೊದಲು ಹಚ್ಚುವ ಮುಲಾಮು, ಗುಳಿಗೆ ಅಪರೂಪಕ್ಕೆ. ಇಂಗ್ಲೆಂಡಿನ ನೈಸ್ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಎಲ್ಲರಿಗೂ ವ್ಯಾಯಾಮವನ್ನೇ ಮೊದಲು ಹೇಳುತ್ತದೆ. ಮೊಣಗಂಟಿಗೆ ಮುಲಾಮನ್ನು ಹೇಳುತ್ತದೆ. ದುಬಾರಿ ಗ್ಲುಕೋಸಮೈನ್ ಬೇಡವೆನ್ನುತ್ತದೆ. ಇಷ್ಟೆಲ್ಲ ಮಾಡಿದರೂ ನೋವು ಪೂರ್ತಿ ಹೋಗಿಲ್ಲ. ಆಟಿಯ ಮಳೆಯಲ್ಲಿ ಇಂದಿಗೂ ಲಕ್ಕಿಸೊಪ್ಪಿನ ಬಿಸಿನೀರನ್ನೇ ಹುಡುಕುತ್ತೇನೆ. ಆದರೆ ನನ್ನ ಅಂಗಳವನ್ನು ನಾನು ಕಳೆದುಕೊಂಡಿಲ್ಲ.

ಬಾಹುಬಲಿಯು ಬಳ್ಳಿ ಹಬ್ಬುವವರೆಗೆ ಒಂದು ವರ್ಷ ಅಲುಗದೆ ನಿಂತನೆಂದು ಪುರಾಣ ಹೇಳುತ್ತದೆ. ಅದು ಅವನಿಗೆ ಒಪ್ಪಿದ ತಪಸ್ಸು. ನಮ್ಮಂಥವರ ಗಂಟಿಗೆ ಅದು ಒಗ್ಗುವುದಿಲ್ಲ. ಅಂದು ಶಿಷ್ಯನ ಕುರ್ಚಿಯಿಂದ ಎದ್ದು, "ಕಾರು ಬೇಡ ಮಾರಾಯ, ನನ್ನ ಜೊತೆ ಒಂದು ಸುತ್ತು ನಡೆ" ಎಂದೆ. ಅಕ್ಕಂಗಳ ಬಸದಿಯವರೆಗೆ ಇಬ್ಬರೂ ಮೆಲ್ಲಗೆ ನಡೆದೆವು. ದಾರಿಯಲ್ಲಿ ಅವನು ತನ್ನ ತಾಯಿಯ ವಿಷಯ ಹೇಳಿದ. ಎರಡು ವರ್ಷದಿಂದ ಮನೆಯಲ್ಲಿಯೇ ಕುಳಿತಿದ್ದಾರಂತೆ. "ನಾಳೆ ಬೆಳಿಗ್ಗೆ ಅವರ ಕೈ ಹಿಡಿದು ಅಂಗಳದವರೆಗೆ ಕರೆದುಕೊಂಡು ಹೋಗು. ನಾಡಿದ್ದು ಗೇಟಿನವರೆಗೆ" ಎಂದೆ.

ನಿಮಗೂ ಅದೇ ಮಾತು. ಮನೆಯ ಹಿರಿಯರಿಗೆ ಕುರ್ಚಿ ತಂದುಕೊಡಿ, ತಪ್ಪಿಲ್ಲ. ಅದರಿಂದ ಎಬ್ಬಿಸಲು ಕೈಯನ್ನೂ ಕೊಡಿ. ಮುಂದಿನ ಅಭಿಷೇಕ 2036ರಲ್ಲಿ ನಡೆದರೆ ನನಗೆ ಆಗ 86. ಬದುಕಿದ್ದರೆ ನಡೆದುಕೊಂಡೇ ಬರುತ್ತೇನೆ.