ಜೋಗದಿಂದ ತಿಲ್ಲಾರಿಗೆ: ಹಬ್ಬಾರ್ಡಿಯಾ ಹುಲ್ಲಿನ ಚರಿತ್ರೆ

ಪಶ್ಚಿಮಘಟ್ಟದ ಸಸ್ಯಾನ್ವೇಷಣೆಯ ಚರಿತ್ರೆಯಲ್ಲಿ ಹಬ್ಬಾರ್ಡಿಯಾ ಹೆಪ್ಟನ್ಯೂರಾನ್ ಎಂಬ ಪುಟ್ಟ ಹುಲ್ಲಿಗೆ ವಿಶಿಷ್ಟ ಸ್ಥಾನವಿದೆ. ಮುಂಬಯಿ ಪ್ರಾಂತದ ಅಧಿಕಾರಿ ಎಲ್.ಜೆ. ಸೆಡ್ಜ್‌ವಿಕ್ ಹಾಗೂ ಅರಣ್ಯಾಧಿಕಾರಿ ಟಿ.ಆರ್. ಬೆಲ್ 1919ರಲ್ಲಿ ಇದನ್ನು ಜೋಗ ಜಲಪಾತದ ಬಳಿ ಸಂಗ್ರಹಿಸಿದರು. ಮೂರು ದಶಕಗಳ ತರುವಾಯ, ಒಣಗಿಸಿಟ್ಟ ಆ ಮಾದರಿಯನ್ನು ಆಧರಿಸಿ ಎನ್.ಎಲ್. ಬೋರ್ 1951ರಲ್ಲಿ ಹೊಸ ಕುಲವೊಂದನ್ನೇ ಸ್ಥಾಪಿಸಿ, ಅದಕ್ಕೆ ಕ್ಯೂ ಸಸ್ಯೋದ್ಯಾನದ ಹುಲ್ಲುತಜ್ಞ ಸಿ.ಇ. ಹಬ್ಬರ್ಡ್ ಅವರ ಹೆಸರನ್ನಿಟ್ಟರು. ‘ಹೆಪ್ಟನ್ಯೂರಾನ್’ ಎಂದರೆ ಏಳು ನರಗಳುಳ್ಳದ್ದು.

ಮೃದುವಾದ, ತೆಳುವಾದ ಎಲೆಗಳ ಈ ಹುಲ್ಲು ಬೆಳೆಯುವುದು ಜಲಪಾತದ ತುಂತುರು ತಾಗುವ ಒದ್ದೆ ಬಂಡೆಗಳ ಮೇಲೆ. ನೀರಿನ ಹರಿವು ಮಾರ್ಪಟ್ಟರೆ ಅದರ ನೆಲೆಯೇ ಅಳಿಯುತ್ತದೆ. ಶರಾವತಿಯಲ್ಲಿ 1948ರಲ್ಲಿ ವಿದ್ಯುದಾಗಾರವೂ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೂ ಕಾರ್ಯಾರಂಭ ಮಾಡಿದವು. ಅನಂತರ ಜೋಗದಲ್ಲಿ ಈ ಹುಲ್ಲು ದೊರೆಯದೆ, ಅದು ನಾಶವಾಯಿತೆಂದೇ ಭಾವಿಸಲಾಯಿತು.

ಆದರೆ 2002ರಲ್ಲಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಎಸ್.ಆರ್. ಯಾದವ್ ಮತ್ತು ಸಂಗಡಿಗರಿಗೆ ಅದು ತಿಲ್ಲಾರಿ ಘಟ್ಟದಲ್ಲಿ ಮತ್ತೆ ಕಂಡಿತು. ಈ ಸ್ಥಳ ಜೋಗದಿಂದ 150 ಕಿ.ಮೀ.ಗೂ ಹೆಚ್ಚು ಉತ್ತರಕ್ಕಿದ್ದು, ಬೆಳಗಾವಿಯ ಪಶ್ಚಿಮಕ್ಕೆ ನೆರೆಯ ಮಹಾರಾಷ್ಟ್ರದಲ್ಲಿದೆ. ಖಾನಾಪುರದ ಕಾಡುಗಳೂ ಇದೇ ಗಿರಿಶ್ರೇಣಿಗೆ ಸೇರಿದವು.

‘ನಾಶವಾಯಿತು’ ಎಂಬ ನಿರ್ಣಯ ಕೆಲವೊಮ್ಮೆ ಸಸ್ಯದ ಅಂತ್ಯವನ್ನಲ್ಲ, ಹುಡುಕಾಟದ ಮಿತಿಯನ್ನು ಸೂಚಿಸುತ್ತದೆ ಎಂಬುದನ್ನು ಈ ಚರಿತ್ರೆ ತಿಳಿಸುತ್ತದೆ. ಆದರೂ ಜೋಗದ ನಷ್ಟ ನಷ್ಟವೇ. ರಾಜ್ಯಗಳ ಗಡಿಯನ್ನರಿಯದ ಇಂಥ ಸಸ್ಯಗಳ ಶೋಧವೂ ರಕ್ಷಣೆಯೂ ಗಡಿಯ ಎರಡೂ ಬದಿಯ ಹಳ್ಳಗಳ ದಂಡೆಯಲ್ಲಿ ಒಟ್ಟಾಗಿ ನಡೆಯಬೇಕಾಗಿದೆ.