ಸೋರುವ ಮಾಳಿಗೆ, ಬಾಡಿಗೆದಾರ ಮತ್ತು ಕಾನೂನು

ಬಾಡಿಗೆ ಮನೆಯ ದುರಸ್ತಿಯ ಹೊಣೆಯನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಇಂದಿಗೂ ಬಹುಮಟ್ಟಿಗೆ ತೀರ್ಮಾನಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಈ ಊರುಗಳು ಸೇರಿದ್ದ ಮುಂಬಯಿ ಪ್ರಾಂತಕ್ಕೆ ಅದು 1893ರಲ್ಲಿ ಅನ್ವಯವಾಯಿತು. ಮಾಲೀಕನು ತಾನು ಮಾಡಲೇಬೇಕಾದ ದುರಸ್ತಿಯನ್ನು ನೋಟಿಸು ಕೊಟ್ಟ ಮೇಲೂ ತಕ್ಕ ಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎನ್ನುತ್ತದೆ ಅದರ 108ನೆಯ ಕಲಂ. 'ಮಾಡಲೇಬೇಕಾದ' ದುರಸ್ತಿ ಯಾವುದೆಂದು ಮಾತ್ರ ಹೇಳುವುದಿಲ್ಲ. ಅದನ್ನು ಕರಾರಿಗೆ ಬಿಟ್ಟಿದೆ. ಮಣ್ಣಿನ ಮಾಳಿಗೆ ಮಳೆಗಾಲದಲ್ಲಿ ಸೋರಿದರೆ ಯಾರು ಸರಿಪಡಿಸಬೇಕೆಂದು ಕರಾರುಪತ್ರದಲ್ಲಿ ಬರೆಯದಿದ್ದರೆ, ಬಾಡಿಗೆದಾರನ ವಾದ ಅಲ್ಲೇ ಸಡಿಲಾಗುತ್ತದೆ. ನೆರೆಯ ವಿಷಯ ಬೇರೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಂತಹ ಪ್ರವಾಹದಿಂದ ಮನೆಯ ಮುಖ್ಯ ಭಾಗ ಶಾಶ್ವತವಾಗಿ ವಾಸಕ್ಕೆ ಬಾರದಂತಾದರೆ, ಬಾಡಿಗೆದಾರ ಇಚ್ಛಿಸಿದಲ್ಲಿ ಒಪ್ಪಂದವನ್ನೇ ಕೊನೆಗೊಳಿಸಬಹುದು.

ದುರಸ್ತಿಯನ್ನು ಕರಾರಿಗೆ ಬಿಡುವ ಈ ನೋಟವನ್ನು 1947ರ ಮುಂಬಯಿ ಬಾಡಿಗೆ ಕಾಯ್ದೆ ತಿರುಗಿಸಿತು. ಬೇರೆ ಒಪ್ಪಂದ ಇಲ್ಲದಿದ್ದರೆ ಮನೆಯನ್ನು ವಾಸಯೋಗ್ಯವಾಗಿ ಇಡುವುದು ಮಾಲೀಕನ ಕರ್ತವ್ಯ ಎಂದಿತು. ಕನಿಷ್ಠ 15 ದಿನಗಳ ನೋಟಿಸಿನ ಬಳಿಕ ಬಾಡಿಗೆದಾರರು ಒಟ್ಟಾಗಿಯೂ ದುರಸ್ತಿ ಮಾಡಿಸಬಹುದಿತ್ತು. ಆದರೆ ಕಾಯ್ದೆ ನಡೆದದ್ದು ಗೊತ್ತುಪಡಿಸಿದ ಪ್ರದೇಶಗಳಲ್ಲಷ್ಟೇ. 1956ರಲ್ಲಿ ಈ ಊರುಗಳಿರುವ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು; ಪ್ರಾಂತಕ್ಕೊಂದರಂತಿದ್ದ ಬಾಡಿಗೆ ಕಾನೂನುಗಳ ಜಾಗಕ್ಕೆ 1961ರ ಕಾಯ್ದೆ ಬಂತು.

ಈಗಿರುವುದು 2001ರ ಕೊನೆಯಲ್ಲಿ ಜಾರಿಯಾದ ಕರ್ನಾಟಕ ಬಾಡಿಗೆ ಕಾಯ್ದೆ, 1999. ಮಾಲೀಕ ಲಿಖಿತ ನೋಟಿಸಿಗೂ ಜಗ್ಗದಿದ್ದರೆ ಬಾಡಿಗೆದಾರ ಖರ್ಚಿನ ಅಂದಾಜುಪಟ್ಟಿಯೊಂದಿಗೆ ಬಾಡಿಗೆ ನಿಯಂತ್ರಕರ ಅನುಮತಿ ಪಡೆದು ದುರಸ್ತಿ ಮಾಡಿಸುವ ದಾರಿ ಇದರಲ್ಲಿದೆ. ದಾರಿ ಒಳ್ಳೆಯದೇ, ಬಾಗಿಲು ತೀರ ಕಿರಿದು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ವಾಸದ ಮನೆಗಳು ಕಾಯ್ದೆಯ ಹೊರಗೆ. 14 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳೂ ಹೊರಗೆ. ಬಾಡಿಗೆ ಏರಿದಂತೆಲ್ಲ ಹೆಚ್ಚು ಕುಟುಂಬಗಳು ಮರಳಿ 1882ರ ಕಾಯ್ದೆಗೆ ಬೀಳುತ್ತವೆ. ಅಲ್ಲಿ ತಿಂಗಳ ಬಾಡಿಗೆದಾರನ ಒಪ್ಪಂದವನ್ನು ಕಾರಣ ಹೇಳದೆಯೇ 15 ದಿನಗಳ ನೋಟಿಸಿನಲ್ಲಿ ಮುಗಿಸಬಹುದು. ದುರಸ್ತಿ ಕೇಳಿದ ಪತ್ರಕ್ಕೆ ಉತ್ತರವಾಗಿ ಮನೆ ಬಿಡುವ ನೋಟಿಸು ಬರಬಹುದೆಂಬ ಭಯಕ್ಕೆ ಇದೇ ಮೂಲ, ಮತ್ತು ಇದು ಅನ್ಯಾಯ. ನೋಟಿಸು ಬಂದರೂ ಕೋರ್ಟಿನ ಆದೇಶವಿಲ್ಲದೆ ಸಾಮಾನು ಹೊರಹಾಕುವಂತಿಲ್ಲ.

2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಕೆಲಸಗಳನ್ನೇ ಹಂಚಿದೆ: ಗೋಡೆ-ಮಾಳಿಗೆಯ ದುರಸ್ತಿ, ಸುಣ್ಣಬಣ್ಣ, ನೀರಿನ ಪೈಪು, ವೈರಿಂಗ್ ಮಾಲೀಕನ ಪಾಲಿಗೆ, ನಲ್ಲಿ, ಸ್ವಿಚ್ಚು, ಚರಂಡಿ ಸ್ವಚ್ಛತೆ ಬಾಡಿಗೆದಾರನ ಪಾಲಿಗೆ. ಮಾಲೀಕ ತನ್ನ ಪಾಲಿನದನ್ನು ಮಾಡದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ, ಪ್ರತಿ ತಿಂಗಳ ಬಾಡಿಗೆಯ ಅರ್ಧದವರೆಗೆ ಖರ್ಚು ಮುರಿದುಕೊಳ್ಳಬಹುದು. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನದೇ ಕಾನೂನು ಮಾಡದೆ ಯಾರನ್ನೂ ಕಟ್ಟಿಹಾಕದು. ಹಾಗಿದ್ದರೂ ಆ ಪಟ್ಟಿಯನ್ನು ಹನ್ನೊಂದು ತಿಂಗಳ ಕರಾರಿನಲ್ಲಿ ಸೇರಿಸಿಕೊಳ್ಳಲು ಅಡ್ಡಿಯಿಲ್ಲ. ಹಾಗೆ ಸೇರಿಸಿದರೆ 108ನೆಯ ಕಲಮಿಗೆ ಬೇಕಾದ ಆಧಾರ ಅಲ್ಲೇ ಸಿಗುತ್ತದೆ.

ಕುಸಿಯುವಂತಿರುವ ಗೋಡೆಗೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ಸ್ಥಳೀಯ ಆಡಳಿತಕ್ಕೆ ದೂರು ಕೊಡಬಹುದು. ಆದರೆ ಮನೆ ಅಪಾಯದಲ್ಲಿದೆ ಎಂಬ ಮಾತನ್ನೇ ಹಿಡಿದು ಮಾಲೀಕ ತೆರವು ಕೇಳಬಲ್ಲನು. ದಾವೆ ಹೂಡಿದರೆ ಮನೆಯ ಸ್ಥಿತಿ ನೋಡಿ ವರದಿ ಕೊಡಲು ಕಮಿಷನರನ್ನು ನೇಮಿಸುವಂತೆ ಸಿವಿಲ್ ಕೋರ್ಟನ್ನು ಕೇಳಬಹುದು. ಬಾಡಿಗೆಯನ್ನು ಪೂರ್ತಿ ನಿಲ್ಲಿಸುವುದು ಮಾತ್ರ ಅಪಾಯದ ಹೆಜ್ಜೆ; ಬಾಕಿಯೇ ತೆರವಿಗೆ ಕಾರಣವಾಗುತ್ತದೆ. ವಕೀಲರ ಖರ್ಚು ಭರಿಸಲಾಗದವರಿಗೆ 1987ರ ಕಾಯ್ದೆಯಡಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳ ನೆರವಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟಿದ್ದರೂ ಅದನ್ನು ಪಡೆಯಬಹುದು.